ಗೇಟು ಬಿದ್ದ ಹೊತ್ತು

ಅರಸಾಳಿನಿಂದ ಫೋನು ಬಂತು, ಗೇಟು ಇಳಿಸಿದೆ.
ಈಚೆ ಬದಿಗೆ ಸಿಕ್ಕಿಕೊಂಡದ್ದು ನೀವೊಬ್ಬರೇ, ಇನಾಸಣ್ಣ,
ಟಿವಿಎಸ್ ಬೆನ್ನಿಗೆ ಬನ್ನು ರಸ್ಕಿನ ತಗಡಿನ ಪೆಟ್ಟಿಗೆ.
ಮೂರು ತಿಂಗಳಿಂದ ಕೇಳ್ತಾ ಇದೀರಿ ಈ ಹುಲ್ಲನ್ನ.
ತಾಳಗುಪ್ಪದ ಗಾಡಿಗೆ ಇನ್ನೂ ಎಂಟು ನಿಮಿಷ.
ಕೂತ್ಕೊಳ್ಳಿ. ಅಲ್ಲಲ್ಲ, ಆ ಕಲ್ಲು ಬೇಡ, ಕಟ್ಟಿರುವೆ.

ಇದಕ್ಕೊಂದು ಇಂಗ್ಲಿಷ್ ಹೆಸರಿದೆ, ಕಾರಂಜಿಯೋ ಏನೋ.
ಬೀರೂರು ಕಾಲೊನಿಯ ಇಂಜಿನಿಯರರ ಹೆಂಡತಿ
ಒಂದು ಸೇರು ಮುರುಗಲ ಸಿಪ್ಪೆಗೆ ಒಂದು ಬುಡ ಕೊಟ್ರು,
ಹೆಸರನ್ನೂ ಕೊಟ್ರು; ಅದು ದಾರಿಯಲ್ಲೇ ಬಿದ್ದುಹೋಯ್ತು.
ನಾನು ನರಿಬಾಲ ಅಂತೀನಿ.
ಕೀಮ್ಯಾನ್ ತಿಪ್ಪೋಜಿ ಕಳೆ ಅಂತಾನೆ.
ಹುಲ್ಲು ಇಬ್ಬರಿಗೂ ತಲೆದೂಗ್ತದೆ.

ಮೊದಲ ಮಾತು, ಬೀಜ ಹುಡುಕಬೇಡಿ.
ಈ ಕೆಂಪು ಜಾತಿ ತೆನೆ ಬಿಡ್ತದೆ, ಒಳಗೆ ಕಾಳಿಲ್ಲ.
ಹಸಿರು ಜಾತಿ ಒಂದಿದೆ, ನರ್ಸರಿಯವ ಅಗ್ಗಕ್ಕೆ ಕೊಡ್ತಾನೆ,
ತರಬೇಡಿ. ಅದರ ಬೀಜ ಗಾಳಿ ಹತ್ತಿ ಕಾನು ಹೊಕ್ಕರೆ
ದನಕ್ಕೂ ಬೇಡ, ಬೆಂಕಿಗೆ ಮಾತ್ರ ಬೇಕು.
ಇದು ಹಾಗಲ್ಲ. ಇದಕ್ಕೆ ಮರಿಯಾಗಬೇಕಾದ್ರೆ
ಯಾರಾದ್ರೂ ಬುಡ ಸೀಳಬೇಕು.

ತಡೀರಿ, ಹಾರೆ ತರ್ತೀನಿ.

ನಡುನೆತ್ತಿಗಿಟ್ಟು ಮೈಭಾರ ಹಾಕಿ.
ಕರ್ರ್ ಅಂತದೆ, ಕೈ ತೆಗೀಬೇಡಿ.
ನಡುವಿನದು ಮುದಿಯಾಗಿ ಟೊಳ್ಳು, ಆಚೆ ಎಸೀರಿ.
ಅಂಚಿನ ಎಳೇದು, ಬೇರು ಸಮೇತ ಒಂದು ಹಿಡಿ ಸಾಕು.
ಎಲೆ ಮೋಟು ಮಾಡಿ. ಒದ್ದೆ ಗೋಣಿಯಲ್ಲಿ ಸುತ್ತಿ.

ನಮ್ಮ ಮಳೆ ಇದಕ್ಕೆ ಹೇಳಿದ್ದಲ್ಲ ನೋಡಿ.
ಮೊದಲ ವರ್ಷ ಚರಂಡಿ ಬದಿಗೆ ನೆಟ್ಟು
ಆಷಾಢದಲ್ಲಿ ಎಳೆದರೆ ಕೈಗೇ ಬಂತು, ಹುಳಿ ವಾಸನೆ.
ಆಮೇಲೆ ಹಳಿಯಿಂದ ಜಾರಿದ ಜಲ್ಲಿ ಆಯ್ದು
(ಇದನ್ನ ಕುಂಸಿಯಲ್ಲಿ ಯಾರಿಗೂ ಹೇಳಬೇಡಿ)
ಮೊಣಕಾಲೆತ್ತರ ದಿಬ್ಬ ಕಟ್ಟಿದೆ.
ನೀರು ಬಂದ ಹಾಗೇ ಇಳಿದುಹೋಗಬೇಕು,
ಪ್ಯಾಸೆಂಜರ್ ಗಾಡಿಯ ಜನದ ಹಾಗೆ.
ಬಿಸಿಲು ಬೇಕು, ಇಡೀ ದಿನದ್ದು.
ಗೊಬ್ಬರ ಬೇಡ, ತಿಂದು ಸೊಕ್ಕಿ ಮಲಗ್ತದೆ.
ಗಿಡಕ್ಕೂ ಗಿಡಕ್ಕೂ ಎರಡು ಮೊಳ.

ಮೂರು ವರ್ಷದ ಹಿಂದೆ, ಮಾಘದಲ್ಲಿ,
ಸಾಹೇಬರ ಟ್ರಾಲಿ ಬರ್ತದೆ ಅಂತ ತಿಪ್ಪೋಜಿ
ನನ್ನ ನೈಟ್ ಡ್ಯೂಟಿ ಮುಗಿದು ಕಣ್ಣು ಮುಚ್ಚಿದ್ದಾಗ
ಅಷ್ಟನ್ನೂ ಗೇಣಿಗೆ ಸವರಿಬಿಟ್ಟ.
ಹದಿನೈದು ದಿನ ಅವನಿಗೆ ಚಹಾ ಕೊಡಲಿಲ್ಲ ನಾನು.
ಯುಗಾದಿಗೆ ನೋಡ್ತೀನಿ, ಆ ಮೋಟಿನ ತುಂಬ
ರಕ್ತಬಣ್ಣದ ಸೂಜಿ. ಹಿಂದೆಂದೂ ಅಷ್ಟು ಬಂದಿರಲಿಲ್ಲ.
ಈಗ ಪ್ರತಿ ಮಾಘಕ್ಕೂ ಅವನ ಕೈಯಲ್ಲೇ ಕೊಯ್ಸೋದು.
ಇವತ್ತಿಗೂ ಕಳೆ ಅಂತಾನೆ. ಚಹಾ ಕುಡಿದು ಹೋಗ್ತಾನೆ.

ಏಳಿ, ಕೂಗಿತು. ಬಾವುಟ ಎಲ್ಲಿಟ್ಟೆ?

ನೋಡಿ, ಈಗ ನೋಡಿ ಇದನ್ನ.
ಇಂಜಿನ್ ಇನ್ನೂ ತಿರುವಿನಲ್ಲಿದೆ, ಆಗಲೇ ನಡುಕ.
ಬೋಗಿ ಬೋಗಿಗೂ ನೆಲ ಮುಟ್ಟಿ ಏಳ್ತದೆ.
ಕೊನೇ ಡಬ್ಬಿ ದಾಟಿದ ಮೇಲೂ ಒಂದು ಗಳಿಗೆ
ಎಲ್ಲ ಬಾಲವೂ ಆನಂದಪುರದ ಕಡೆಗೇ.

ಎಲ್ಲಿ ನೆಡ್ತೀರಿ, ಕೇಳೋದೇ ಮರೆತೆ.

"ಬಿಸಿಲಿನ ಜಾಗವೇ, ಕೆರಿಯಮ್ಮ.
ನೀರು ಹಾಕೋರು ಮಾತ್ರ ಯಾರಿಲ್ಲ.
ಆದಿತ್ಯವಾರ ಪೂಜೆ ಮುಗಿಸಿ ನಾನು ಹೋದ್ರೆ ಹೋದೆ."

ಬೇರು ಕಚ್ಚೋವರೆಗೆ ಈ ಮಳೆಯೇ ಸಾಕು.
ಆಮೇಲೆ ಅದೇನೂ ಕೇಳೋದಿಲ್ಲ.
ಜಾಗ ಎಷ್ಟು ಉದ್ದ ಇದೆ?

ಕೈ ಅಗಲಿಸಿದಿರಿ. ಆಮೇಲೆ
ಎರಡೂ ಅಂಗೈ ಹತ್ತಿರ ತಂದು, ಅಲ್ಲೇ ನಿಲ್ಲಿಸಿದಿರಿ.

ಒಂದೂವರೆ ಮೊಳ.

ಮೂರು ಬುಡ ಕಟ್ಟಿದ್ದೆ. ಎರಡನ್ನ ವಾಪಸು ತೆಗೆದೆ.
ಒಂದೇ ಸಾಕು ಅದಕ್ಕೆ, ತಲೆ ಕಡೆಗೆ ಬೇಡ,
ಕಾಲ ಕಡೆಗೆ ಹಾಕಿ, ಬಾಗೋಕೆ ಜಾಗ ಬೇಕಲ್ಲ.

ಆಚೆ ಬದಿಯ ಲಾರಿಯವ ಹಾರ್ನ್ ಹೊಡೀತಿದ್ದಾನೆ.
ಪೆಟ್ಟಿಗೆಯೊಳಗೆ ಇಡಬೇಡಿ, ಬನ್ನಿಗೆ ಮಣ್ಣಾಗ್ತದೆ
ಅಂದೆ. ನೀವು ಮುಚ್ಚಳ ತೆಗೆದು
ಬನ್ನುಗಳನ್ನ ಒಂದು ಬದಿಗೆ ಸರಿಸ್ತಾ ಇದ್ದಿರಿ.